ಸವಾಯಿ ಗಂಧರ್ವ ಮಹೋತ್ಸವ: ಇಷ್ಟು ವರ್ಷಗಳಲ್ಲಿ ನಿಮ್ಮೊಳಗೆ ಉಳಿದ ಗಾಯನ ಯಾವುದು?

ಹುಬ್ಬಳ್ಳಿಯ ಕೇಳುಗ:

ಪುಣೆಯ ಹಿಂದೂಸ್ತಾನಿ ಸಂಗೀತ ಉತ್ಸವವಾದ ಸವಾಯಿ ಗಂಧರ್ವ ಮಹೋತ್ಸವಕ್ಕೆ ವರ್ಷಗಟ್ಟಲೆ ಹೋಗಿ ಬಂದ ಕನ್ನಡಿಗರು ಈ ಬಳಗದಲ್ಲಿ ಹಲವರಿದ್ದೀರಿ. ಹಾಗಾಗಿ ಒಂದು ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ಅಲ್ಲಿ ಕೇಳಿದ್ದರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಧ್ವನಿಮುದ್ರಿಕೆಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ಮಂಟಪದಲ್ಲಿ ಕುಳಿತು ಕೇಳಿದ್ದಾಗಿರಬೇಕು. ಕಾರಣವನ್ನೂ ಹೇಳಬೇಕು.

ನಾನು ಮೊದಲ ಸಲ ಹೋದದ್ದು 1979ರ ಡಿಸೆಂಬರಿನಲ್ಲಿ. ಹುಬ್ಬಳ್ಳಿಯಿಂದ ಮೀಟರ್‌ಗೇಜ್ ಗಾಡಿಯಲ್ಲಿ ಮೀರಜಿಗೆ ಹೋಗಿ, ಅಲ್ಲಿ ಇಳಿದು ಪುಣೆಯ ಗಾಡಿ ಹಿಡಿಯಬೇಕಾಗಿದ್ದ ಕಾಲ ಅದು. ಎರಡು ಗಾಡಿಗಳ ನಡುವೆ ಸಿಕ್ಕ ಹೊತ್ತಿನಲ್ಲಿ ನಮ್ಮನ್ನು ಕರೆದೊಯ್ದಿದ್ದ ಹಿರಿಯರು ದರ್ಗಾಕ್ಕೆ ಹೋಗಿ ಅಬ್ದುಲ್ ಕರೀಂ ಖಾನರ ಸಮಾಧಿಯನ್ನು ತೋರಿಸಿದರು, ತಂಬೂರಿ ಮಾಡುವವರ ಅಂಗಡಿಗಳನ್ನೂ ತೋರಿಸಿದರು. ಸವಾಯಿ ಗಂಧರ್ವರು, ಅಂದರೆ ನಮ್ಮ ಕುಂದಗೋಳದ ರಾಮಭಾವು, ಆ ಖಾನ್‌ಸಾಹೇಬರ ಶಿಷ್ಯರು. ರಾಮಭಾವು 1952ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯ ಭೀಮಸೇನ ಜೋಶಿಯವರು ಮರುವರ್ಷವೇ ಗುರುಗಳ ಪುಣ್ಯತಿಥಿಗೆಂದು ಆರಂಭಿಸಿದ್ದು ಈ ಉತ್ಸವ. ಆದ್ದರಿಂದ ಮೀರಜಿನಲ್ಲಿ ಗಾಡಿ ಬದಲಿಸುವುದೆಂದರೆ ನಮಗೆ ಅಜ್ಜನ ಕಾಲಿಗೆರಗಿ ಮುಂದಕ್ಕೆ ಹೊರಟಂತೆ ಇರುತ್ತಿತ್ತು.

ನನ್ನ ಉತ್ತರ ಭೀಮಸೇನ ಜೋಶಿಯವರಾಗಿರಬಹುದೆಂದು ನೀವು ಊಹಿಸಿರುತ್ತೀರಿ. ಅಲ್ಲ. ನಾನು ಉಳಿಸಿಕೊಳ್ಳುವುದು ಫಿರೋಜ್ ದಸ್ತೂರ್ ಅವರ ಗಾಯನವನ್ನು. ಅವರು ಪಾರ್ಸಿ ಮನೆತನದವರು, ಎಳೆಯ ವಯಸ್ಸಿನಲ್ಲಿ ವಾಡಿಯಾ ಮೂವಿಟೋನ್‌ನ ಚಿತ್ರಗಳಲ್ಲಿ ನಟಿಸಿ ಹಾಡಿದವರು, ಆಮೇಲೆ ಅದನ್ನು ಬಿಟ್ಟು ಸವಾಯಿ ಗಂಧರ್ವರ ಶಿಷ್ಯರಾಗಿ ಉಳಿದವರು. ಖಯಾಲ್ (ರಾಗವನ್ನು ವಿಸ್ತರಿಸುವ ಮುಖ್ಯ ಗಾಯನ) ಮುಗಿಸಿ ಅವರು ಒಂದು ಕ್ಷಣ ನಿಂತರೆ ಸಾಕು, ಸಭೆಯ ನಾಲ್ಕೂ ಕಡೆಯಿಂದ ‘ಗೋಪಾಲಾ’ ಎಂಬ ಬೇಡಿಕೆ ಏಳುತ್ತಿತ್ತು. ‘ಗೋಪಾಲಾ ಮೋರಿ ಕರುಣಾ’ ಅಬ್ದುಲ್ ಕರೀಂ ಖಾನರು ಹಾಡಿ ಹೆಸರಾಗಿದ್ದ ರಚನೆ. ಅದು ಗುರುವಿನ ಗುರುವಿನಿಂದ ಬಂದ ಆಸ್ತಿ. ಯಾವ ವರ್ಷದ್ದು ಎಂದು ಕೇಳಿದರೆ ನಾನು ಹೇಳಲಾರೆ, ಏಕೆಂದರೆ ಎಷ್ಟೋ ಡಿಸೆಂಬರುಗಳಲ್ಲಿ ಕೇಳಿದ ಆ ಹಾಡು ನನ್ನೊಳಗೆ ಒಂದೇ ಹಾಡಾಗಿ ಕೂಡಿಕೊಂಡಿದೆ. ಶಾಲು ಹೊದ್ದು ನೆಲದ ಮೇಲೆ ಕುಳಿತ ಸಾವಿರಾರು ಜನ, ನಡುರಾತ್ರಿ ದಾಟಿದ ಹೊತ್ತು, ವಯಸ್ಸಾದ ಆ ಸಣ್ಣ ಕಂಠ ‘ಕ್ಯೂಂ ನಹೀ ಆವೇ’ ಎಂದು, ಕರುಣೆ ಏಕೆ ಬರಲೊಲ್ಲದೆಂದು ದೇವರನ್ನು ಕೇಳುವ ರೀತಿ. ನನಗೆ ಅಷ್ಟೇ ಸಾಕು.

ಸ್ವರಮಂಡಲ (ಬೆಂಗಳೂರು):

ಹುಬ್ಬಳ್ಳಿಯವರ ಬರಹವನ್ನು ಪ್ರೀತಿಯಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ. ನೀವು ಆರಿಸಿದ್ದು ಒಂದು ಗಾಯನವನ್ನೋ, ಒಂದು ವಾಡಿಕೆಯನ್ನೋ? ಕೇಳುಗರು ಪ್ರತಿ ವರ್ಷ ಅದನ್ನೇ ಬೇಡುತ್ತಾರೆ, ಕಲಾವಿದರು ಅದನ್ನೇ ಹಾಡುತ್ತಾರೆ. ಅದರಲ್ಲಿ ಸುಖವಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಿಂದೂಸ್ತಾನಿ ಸಂಗೀತದ ಜೀವ ಇರುವುದು ಮುಂದಿನ ಸ್ವರ ಯಾವುದೆಂದು ಕೇಳುಗನಿಗೆ ಗೊತ್ತಿಲ್ಲದಿರುವುದರಲ್ಲಿ. ಗೊತ್ತಿದ್ದ ಹಾಡಿಗೆ ಕಣ್ಣು ಒದ್ದೆಯಾಗುವುದು ನೆನಪಿನ ಕೆಲಸ, ಸಂಗೀತದ ಕೆಲಸ ಅದರಲ್ಲಿ ಅರ್ಧ ಮಾತ್ರ.

ನಾನು ಉಳಿಸಿಕೊಳ್ಳುವುದು ಮಲ್ಲಿಕಾರ್ಜುನ ಮನ್ಸೂರರನ್ನು. 1980ರ ದಶಕದ ಕೊನೆಯಲ್ಲಿ, ಅವರ ಕೊನೆಯ ವರ್ಷಗಳಲ್ಲಿ ಕೇಳಿದ್ದು. ಕೃಶ ದೇಹ, ಬಿಳಿ ಪೇಟ, ವೇದಿಕೆಗೆ ಬಂದು ಕುಳಿತರೆ ಪೀಠಿಕೆಯೇ ಇಲ್ಲ. ಸವಾಯಿ ಗಂಧರ್ವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯವರು ಷಡ್ಜದಿಂದ ಹೊರಟು ಒಂದೊಂದೇ ಸ್ವರವನ್ನು ಬಿಡಿಸುತ್ತಾ ಮೇಲೇರುವ ಆ ಮಂಟಪದಲ್ಲಿ, ಜೈಪುರ-ಅತ್ರೌಲಿ ಘರಾಣೆಯ ಈ ಅಜ್ಜ ಮೊದಲ ಆವರ್ತನದಲ್ಲೇ, ಅಂದರೆ ತಾಳದ ಮೊದಲ ಸುತ್ತಿನಲ್ಲೇ, ರಾಗದ ಪೂರ್ತಿ ಮುಖವನ್ನು ತೋರಿಸಿಬಿಡುತ್ತಿದ್ದರು. ಜೋಡುರಾಗ, ಅಪರೂಪದ ರಾಗ ಎಂದರೆ ಅವರಿಗೆ ದಿನನಿತ್ಯದ ಊಟದಷ್ಟೇ ಸಹಜ. ಸುತ್ತ ಕುಳಿತವರಲ್ಲಿ ಅರ್ಧದಷ್ಟು ಮಂದಿಗೆ ರಾಗದ ಹೆಸರು ಹೊಳೆದಿರಲಿಲ್ಲ; ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು, ಆದರೂ ಎದ್ದು ಹೋಗುತ್ತಿರಲಿಲ್ಲ. ವೇಗವಾಗಿ ಹರಿಯುವ ಸ್ವರಗಳ ತಾನ್ ಯಾವ ತಿರುವಿನಲ್ಲಿ ಹೊರಳಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಕೂರುತ್ತದೆ ಎಂದು ನಾವು ಲೆಕ್ಕ ಹಾಕುವಷ್ಟರಲ್ಲಿ ಅವರು ಮುಂದಿನ ತಾನಿನಲ್ಲಿರುತ್ತಿದ್ದರು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಮನ್ಸೂರರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12ರಂದು. ಆ ಡಿಸೆಂಬರಿನಲ್ಲಿ ನಾನು ಪುಣೆಗೆ ಹೋಗಲಿಲ್ಲ.

ಸುಮತಿ, ಕೊಥ್ರೂಡ್:

ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದದ್ದು 1994ರಲ್ಲಿ. ಹಿರಿಯರಿಬ್ಬರೂ ರಾತ್ರಿಯ ಸವಾಯಿಯನ್ನು ನೆನೆದಿದ್ದೀರಿ. ನನಗೆ ಆ ರಾತ್ರಿಗಳು ದೊರೆತದ್ದು ಕಡಿಮೆ. ಮನೆಯಲ್ಲಿ ಕೈಗೂಸು, ಬೆಳಗಾದರೆ ಆಫೀಸು, ಅತ್ತೆ ಮಾವಂದಿರ ಊಟ ಔಷಧಿ. ಮನೆಯ ಗಂಡಸರು ಕಂಬಳಿ, ಥರ್ಮಾಸ್ ಹಿಡಿದು ಮಂಟಪಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಬಂದು ಯಾರು ಏನು ಹಾಡಿದರೆಂದು ಹೇಳುತ್ತಿದ್ದರು. ನಾನು ಒಲೆಯ ಮುಂದೆ ನಿಂತು ಕೇಳುತ್ತಿದ್ದೆ. ಇದನ್ನು ದೂರಿಗಾಗಿ ಹೇಳುತ್ತಿಲ್ಲ, ರಾತ್ರಿಯ ಸವಾಯಿ ಎಲ್ಲರ ಸವಾಯಿಯಾಗಿರಲಿಲ್ಲ ಎಂಬುದು ಈ ಚರ್ಚೆಯಲ್ಲಿ ದಾಖಲಾಗಲಿ ಎಂದು ಹೇಳುತ್ತಿದ್ದೇನೆ.

2000ದ ಶಬ್ದಮಾಲಿನ್ಯ ನಿಯಮಗಳು ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದವು, 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಗೊಳಿಸಿತು. ರಾತ್ರಿಯಿಡೀ ನಡೆಯುತ್ತಿದ್ದ ಕಾರ್ಯಕ್ರಮ ಮಧ್ಯಾಹ್ನಕ್ಕೆ ಸರಿಯಿತು. ಎಲ್ಲರೂ ಇದನ್ನು ನಷ್ಟವೆಂದು ಮಾತನಾಡುತ್ತಾರೆ. ರಾಗಕ್ಕೊಂದು ಹೊತ್ತಿರುವುದರಿಂದ ದರ್ಬಾರಿ ಹೋಯಿತು, ನಡುರಾತ್ರಿಯ ಮಾಲಕಂಸ ಹೋಯಿತು, ಲಲಿತ ಹಾಡುತ್ತಾ ಬೆಳಕು ಹರಿಯುವುದು ಹೋಯಿತು. ನಿಜ. ಆದರೆ ಬಂದದ್ದೇನು ಎಂದು ಯಾರೂ ಹೇಳುವುದಿಲ್ಲವಲ್ಲ! ಮುಲ್ತಾನಿ ಬಂದಿತು, ಭೀಮಪಲಾಸ ಬಂದಿತು, ಪಟದೀಪ, ಮಧುವಂತಿ, ಸೂರ್ಯ ಇಳಿಯುವ ಹೊತ್ತಿಗೆ ಪೂರಿಯಾ, ಮಾರವಾ, ಶ್ರೀ ಬಂದವು. ಸಂಜೆ ಶುರುವಾಗಿ ಬೆಳಿಗ್ಗೆ ಮುಗಿಯುತ್ತಿದ್ದ ಉತ್ಸವದಲ್ಲಿ ಮಧ್ಯಾಹ್ನದ ರಾಗಗಳಿಗೆ ಜಾಗವೇ ಇರಲಿಲ್ಲ. ಬಿಸಿಲು ಓರೆಯಾಗಿ ಮಂಟಪದ ಬಟ್ಟೆಯ ಮೇಲೆ ಬೀಳುತ್ತಿರುವಾಗ, ಕೋಮಲ ರಿಷಭವೂ ತೀವ್ರ ಮಧ್ಯಮವೂ ಕೂಡಿದ ಮುಲ್ತಾನಿಯನ್ನು ಕೇಳಿದವರಿಗೆ ಆ ರಾಗಕ್ಕೆ ಆ ಹೊತ್ತೇ ಏಕೆ ಬೇಕೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ನಾನು ಉಳಿಸಿಕೊಳ್ಳುವುದು ಮಾಲಿನಿ ರಾಜೂರಕರ್ ಅವರ ಟಪ್ಪಾವನ್ನು, ಅಂದರೆ ಚುರುಕಾದ ಸ್ವರಗಳ ಆ ಗಾಯನ ಪ್ರಕಾರವನ್ನು. ಗಣಿತ ಓದಿ, ಗಣಿತ ಕಲಿಸುತ್ತಿದ್ದು, ಆಮೇಲೆ ಹಾಡಿಗೆ ಪೂರ್ತಿಯಾಗಿ ಬಂದ ಹೆಣ್ಣುಮಗಳು ಅವರು. ಸಾದಾ ಸೀರೆ, ಕೈ ಅಲುಗಾಟ ಇಲ್ಲ, ಮುಖದಲ್ಲಿ ಶ್ರಮದ ಗೆರೆ ಇಲ್ಲ. ಟಪ್ಪಾದ ಜಮ್‌ಜಮಾ, ಮುರ್ಕಿ ಎಂಬ ಸೂಕ್ಷ್ಮ ಸ್ವರಾಲಂಕಾರಗಳು ಹರಿದ ಮಣಿಸರದಂತೆ ಚೆಲ್ಲುತ್ತಿದ್ದವು, ಆದರೆ ಒಂದು ಮಣಿಯೂ ಕೈತಪ್ಪಿ ಹೋಗುತ್ತಿರಲಿಲ್ಲ. ಅವರ ಟಪ್ಪಾ ಮುಗಿದಾಗ ನನ್ನ ಪಕ್ಕ ಕುಳಿತಿದ್ದ ಅಪರಿಚಿತ ಮರಾಠಿ ಅಜ್ಜಿಯೊಬ್ಬರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು, ಯಾವಾಗ ಹಿಡಿದರೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮಾಲಿನಿತಾಯಿ ಹೋದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಕೈಯ ಬಿಸಿ.

ಬೆಳಗಾವಿ ತಬಲಾ:

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವನು. 2014ರಿಂದ ಹೋಗುತ್ತಿದ್ದೇನೆ, ರಮಣಬಾಗ್ ಶಾಲೆಯ ಮೈದಾನದಲ್ಲಿ ನಾಲ್ಕು ವರ್ಷ, 2018ರಿಂದ ಮುಕುಂದನಗರದ ಮೈದಾನದಲ್ಲಿ. ಸುಮತಿ ಮೇಡಂ ಅವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸಬೇಕು. ರಾಗದ ಹೊತ್ತು ಬದಲಾಗಿದ್ದಕ್ಕಿಂತ ಗಾಯನದ ಅವಧಿ ಕುಗ್ಗಿದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ತಬಲಾ ಕಲಿಯುವವನ ಕಿವಿಯಿಂದ ಹೇಳುತ್ತೇನೆ. ನಿಧಾನ ಲಯದ ವಿಲಂಬಿತ ಏಕತಾಲದ ಒಂದು ಆವರ್ತನ ಸುಮಾರು ಒಂದು ನಿಮಿಷದಷ್ಟು ಹಿಡಿಯುತ್ತದೆ. ಕಲಾವಿದರಿಗೆ ಸಿಗುವುದು ಒಂದು ಗಂಟೆಯ ಆಚೀಚೆ. ಅದರಲ್ಲಿ ಶ್ರುತಿ ಹೊಂದಿಸುವುದು, ವೇಗದ ಲಯದ ದ್ರುತ್ ಬಂದಿಶ್, ಕೊನೆಗೊಂದು ಭಜನೆ ಅಥವಾ ಅಭಂಗ ತೆಗೆದರೆ ನಿಧಾನಗತಿಯ ಬಡಾ ಖಯಾಲ್‌ಗೆ ಉಳಿಯುವುದು ಮೂವತ್ತು ಆವರ್ತನಕ್ಕಿಂತ ಕಡಿಮೆ. ಅಷ್ಟರಲ್ಲಿ ರಾಗವನ್ನು ಮಂದ್ರದಿಂದ ತಾರಕ್ಕೆ ಒಯ್ಯಬೇಕು. ಹಳಬರಿಗೆ ರಾತ್ರಿ ಪೂರ್ತಿ ಇತ್ತು.

ಅಷ್ಟಾದರೂ ನನ್ನ ಆಯ್ಕೆ ಈ ಕಾಲದ್ದೇ. ಉಸ್ತಾದ್ ರಶೀದ್ ಖಾನ್. ವಿಲಂಬಿತದಲ್ಲಿ ಅವರು ಸ್ವರವನ್ನು ಮುಟ್ಟದೆ ಅದರ ಹತ್ತಿರ ಹೋಗಿ ನಿಲ್ಲುತ್ತಿದ್ದ ಬಗೆ ನನಗೆ ಬೇರೆ ಯಾರಲ್ಲೂ ಕಂಡಿಲ್ಲ. ತಬಲಾ ನುಡಿಸುವವರು ತಾಳದ ಮೂಲ ನಡೆಯಾದ ಠೇಕಾ ಮಾತ್ರ ಹಿಡಿದು ತಲೆ ತಗ್ಗಿಸಿ ಕುಳಿತಿದ್ದರು. ಮೂರು ಸಲ ನುಡಿಸಿ ಮುಗಿಸುವ ಒಂದು ತಿಹಾಯಿಯನ್ನೂ ಸೇರಿಸಲಿಲ್ಲ. ಸುಮ್ಮನೆ ಠೇಕಾ ಹಿಡಿಯುವುದು ಎಷ್ಟು ದೊಡ್ಡ ವಿದ್ಯೆ ಎಂದು ನಾನು ಕಲಿತದ್ದು ಅಂದು. ರಶೀದ್ ಖಾನರು 2024ರ ಜನವರಿ 9ರಂದು ಹೋದರು. ಆಗ ಅವರಿಗೆ 55 ವರ್ಷ. ನಾಲ್ಕು ದಿನಗಳ ನಂತರ ಪ್ರಭಾ ಅತ್ರೆಯವರೂ ಹೋದರು. ಭೀಮಸೇನರ ನಂತರ ಉತ್ಸವದ ಕೊನೆಯ ಗಾಯನವನ್ನು ಅವರೇ ನಡೆಸಿಕೊಂಡು ಬಂದಿದ್ದರು. ಒಂದೇ ವಾರದಲ್ಲಿ ಇಬ್ಬರು.

ಸಪ್ತಾಪುರ, ಧಾರವಾಡ:

ಧಾರವಾಡದವರು ಮಾತನಾಡದಿದ್ದರೆ ಈ ಚರ್ಚೆ ಪೂರ್ಣವಾಗದು. ಪುಣೆಯ ಜನ ಈ ಉತ್ಸವವನ್ನು ತಮ್ಮ ಊರಿನ ಹೆಮ್ಮೆ ಎಂದು ಹೇಳಿಕೊಳ್ಳುತ್ತಾರೆ. ಅದು ಸರಿಯೇ. ಅದನ್ನು ಎಪ್ಪತ್ತು ವರ್ಷ ಹೊತ್ತು ಸಾಗಿಸಿದ್ದು ಅಲ್ಲಿನ ಕೇಳುಗರು, ಚಳಿಯಲ್ಲಿ ಟಿಕೆಟ್ಟಿಗೆ ಸಾಲು ನಿಂತವರು ಅವರು. ಆದರೆ ಯಾರ ಹೆಸರಿನಲ್ಲಿ ಉತ್ಸವ ನಡೆಯುತ್ತದೆಯೋ ಅವರು ಹುಟ್ಟಿದ್ದು ಅಮರಗೋಳದಲ್ಲಿ, ಬೆಳೆದದ್ದು ಕುಂದಗೋಳದಲ್ಲಿ. ಆರಂಭಿಸಿದವರು ಗದಗ ಸೀಮೆಯವರು. ವೇದಿಕೆಯ ಮೇಲೆ ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಮನ್ಸೂರ. ಹಾಗಾಗಿ ಅಲ್ಲಿ ಕುಳಿತಾಗ ನನಗೆ ಪರವೂರಿನಲ್ಲಿದ್ದೇನೆ ಎಂದು ಎಂದೂ ಅನ್ನಿಸಿಲ್ಲ.

ನಾನು ಒಂದನ್ನೇ ಆರಿಸಬೇಕಾದರೆ ಗಂಗೂಬಾಯಿಯವರನ್ನು ಆರಿಸುತ್ತೇನೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಧ್ವನಿ ಗಂಡುಧ್ವನಿಯಂತೆ ದಪ್ಪಗಾದದ್ದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಮಗಳು ಕೃಷ್ಣಾ. ತಾಯಿ ಒಂದು ಸ್ವರದಲ್ಲಿ ಕಂಬದಂತೆ ನಿಂತರೆ ಮಗಳು ಅದರ ಮೇಲಿನ ಸಪ್ತಕಕ್ಕೆ ಹೋಗಿ ತಾನಿನ ಕೆಲಸವನ್ನು ಮಾಡಿ ಬಂದು ತಾಯಿಯ ಸ್ವರಕ್ಕೇ ಸೇರುತ್ತಿದ್ದರು. ಇಬ್ಬರು ಹಾಡುತ್ತಿದ್ದಾರೆ ಎಂಬುದು ಕೆಲವು ಸಲ ಮರೆತೇ ಹೋಗುತ್ತಿತ್ತು. ಕೃಷ್ಣಾ 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಗಂಗೂಬಾಯಿಯವರ ಹಾಡನ್ನು ಈಗ ಧ್ವನಿಮುದ್ರಿಕೆಯಲ್ಲಿ ಕೇಳುವಾಗ ನಾನು ಮಗಳ ಧ್ವನಿಗಾಗಿ ಕಿವಿಗೊಡುತ್ತೇನೆ.

ಹಾಗೆಯೇ ಎಂ. ವೆಂಕಟೇಶಕುಮಾರರ ಬಗ್ಗೆ ಒಂದು ಮಾತು. ಬಳ್ಳಾರಿ ಜಿಲ್ಲೆಯ ಹಳ್ಳಿಯಿಂದ ಬಂದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತವರು ಅವರು. 1993ರಲ್ಲಿ ಭೀಮಸೇನ ಜೋಶಿಯವರೇ ಕರೆದು ಸವಾಯಿಯ ವೇದಿಕೆಯ ಮೇಲೆ ಕೂರಿಸಿದರು. ನಮ್ಮೂರಿನಲ್ಲಿ ಪಾಠ ಹೇಳಿಕೊಂಡಿದ್ದವರನ್ನು ದೇಶಕ್ಕೆ ತೋರಿಸಿದ್ದು ಆ ಮಂಟಪ. ಬೇರೆಯವರ ಶಿಷ್ಯನನ್ನು, ಬೇರೆ ಪರಂಪರೆಯವನನ್ನು ಗುರುತಿಸಿ ತನ್ನ ಗುರುವಿನ ಉತ್ಸವಕ್ಕೆ ಕರೆಯುವ ದೊಡ್ಡತನ ಭೀಮಸೇನರಲ್ಲಿತ್ತು. ಆಯ್ಕೆಯ ಪಟ್ಟಿಯಲ್ಲಿ ಇಂಥವೂ ಇರಬೇಕು ಎಂಬುದು ನನ್ನ ವಾದ: ಮುಗಿದ ಗಾಯನಗಳಷ್ಟೇ ಅಲ್ಲ, ಅಲ್ಲಿಂದ ಆರಂಭವಾದವುಗಳೂ ಬೇಕು.

ಹುಬ್ಬಳ್ಳಿಯ ಕೇಳುಗ:

ಸ್ವರಮಂಡಲದವರಿಗೆ ಮೊದಲು ಉತ್ತರ. ಗೊತ್ತಿದ್ದ ಹಾಡಿನಲ್ಲಿ ಸಂಗೀತ ಅರ್ಧ ಎಂದಿರಿ. ನಾನು ಒಪ್ಪಲಾರೆ. ಮಾತು ಗೊತ್ತಿತ್ತು, ಧಾಟಿ ಗೊತ್ತಿತ್ತು, ಆದರೆ ದಸ್ತೂರರು ‘ಕರುಣಾ’ ಎಂಬ ಶಬ್ದದ ಮೇಲೆ ಈ ಸಲ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು ಗೊತ್ತಿರಲಿಲ್ಲ. ವಯಸ್ಸು ಏರಿದಂತೆ ಆ ನಿಲುಗಡೆ ಬದಲಾಗುತ್ತಾ ಬಂದಿತು. ಅರವತ್ತು ದಾಟಿದವರ ಮೊರೆಗೂ ಎಂಬತ್ತು ದಾಟಿದವರ ಮೊರೆಗೂ ವ್ಯತ್ಯಾಸವಿರುತ್ತದೆ. ಅದನ್ನು ಗುರುತಿಸಲು ನಾನೂ ಪ್ರತಿ ವರ್ಷ ಹೋಗಬೇಕಾಗಿತ್ತು. ಒಂದೇ ವರ್ಷ ಕೇಳಿದವರಿಗೆ ಅದು ವಾಡಿಕೆಯಾಗಿ ಕಂಡೀತು.

ತಂಗಿ ಸುಮತಿಯವರ ಮಾತು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ನಾನು ಪುಣೆಗೆ ಹೋದ ವರ್ಷಗಳಲ್ಲಿ ನನ್ನ ಹೆಂಡತಿ ಹುಬ್ಬಳ್ಳಿಯಲ್ಲೇ ಉಳಿದಿದ್ದಳು. ಅವಳು ಗಂಗೂಬಾಯಿಯವರ ಊರಿನಲ್ಲೇ ಹುಟ್ಟಿ ಬೆಳೆದವಳು, ನನಗಿಂತ ಚೆನ್ನಾಗಿ ರಾಗ ಗುರುತಿಸುವವಳು. ಅವಳು ಮೊದಲ ಸಲ ಸವಾಯಿಗೆ ಬಂದದ್ದು ಕಾರ್ಯಕ್ರಮ ಹಗಲಿಗೆ ಬಂದ ಮೇಲೆಯೇ. ಈ ಎರಡು ಸಂಗತಿಗಳನ್ನು ನಾನು ಇದುವರೆಗೆ ಜೋಡಿಸಿ ನೋಡಿರಲಿಲ್ಲ. ಆದರೂ, ತಂಗಿ, ಕೊನೆಯ ರಾತ್ರಿಯ ಕೊನೆಗೆ ಭೀಮಸೇನರು ಬಂದು ಕುಳಿತು ಬೆಳಗಿನ ರಾಗವನ್ನು ಎತ್ತಿಕೊಂಡಾಗ, ರಾತ್ರಿಯಿಡೀ ಹತ್ತು ಬಗೆಯ ಸಂಗೀತ ಕೇಳಿ ದಣಿದ ಮೈಗೆ ಆ ಷಡ್ಜ ಹೇಗೆ ತಾಕುತ್ತಿತ್ತೆಂದರೆ, ಮಂಪರು ಹರಿಯುತ್ತಿತ್ತು ಎನ್ನುವುದಕ್ಕಿಂತ ಮಂಪರಿನೊಳಗೇ ರಾಗ ಇಳಿಯುತ್ತಿತ್ತು ಎನ್ನಬೇಕು. ಎಚ್ಚರವಾಗಿದ್ದು ಊಟ ಮುಗಿಸಿ ಬಂದ ಕೇಳುಗನಿಗೆ ಅದು ದಕ್ಕುವುದಿಲ್ಲ. ಹಗಲಿನ ಲಾಭವನ್ನು ಒಪ್ಪಿದ ಮೇಲೂ ಈ ನಷ್ಟ ನಷ್ಟವೇ.

ಸ್ವರಮಂಡಲ (ಬೆಂಗಳೂರು):

ನಿಲುಗಡೆಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ರಾತ್ರಿಯ ನಷ್ಟಕ್ಕೆ ಕಾನೂನನ್ನೇ ಕಾರಣವಾಗಿ ತೋರಿಸುವುದು ಪೂರ್ತಿ ಸರಿಯಲ್ಲ. ನಿಯಮ ಇರುವುದು ಬಯಲಿನ ಧ್ವನಿವರ್ಧಕಕ್ಕೆ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ರಾಜ್ಯ ಸರ್ಕಾರಗಳು ವರ್ಷದಲ್ಲಿ ಹದಿನೈದು ದಿನ ಮಧ್ಯರಾತ್ರಿಯವರೆಗೆ ಬಯಲಿನಲ್ಲೂ ಅನುಮತಿ ಕೊಡಬಹುದು. ಅಹೋರಾತ್ರಿ ಸಂಗೀತ ಬೇಕೆಂದರೆ ಎಂಟುನೂರು ಜನರ ಸಭಾಂಗಣದಲ್ಲಿ ನಡೆಸಲು ಅಡ್ಡಿಯಿಲ್ಲ. ಅಲ್ಲಿ ಎಂಟು ಸಾವಿರ ಜನ ಕೂರಲಾರರು, ಅಷ್ಟೇ. ಹಾಗಾದರೆ ನಾವು ಆರಿಸಬೇಕಾದದ್ದು ರಾತ್ರಿಯನ್ನೋ, ಜನಸಾಗರವನ್ನೋ? ಎರಡೂ ಒಟ್ಟಿಗೆ ಇದ್ದ ಕಾಲವೊಂದಿತ್ತು, ಈಗ ಒಂದನ್ನು ಬಿಡಲೇಬೇಕು. ನಾನಾಗಿದ್ದರೆ ಜನಸಾಗರವನ್ನು ಬಿಡುತ್ತೇನೆ. ಮನ್ಸೂರರನ್ನು ಧಾರವಾಡದ ಸಣ್ಣ ಬೈಠಕ್ಕಿನಲ್ಲಿ (ಚಿಕ್ಕ ಗಾಯನ ಕೂಟದಲ್ಲಿ) ಕೇಳಿದವರು ಸವಾಯಿಯಲ್ಲಿ ಕೇಳಿದ್ದಕ್ಕಿಂತ ಅದೇ ಹೆಚ್ಚಿನದೆಂದು ನನಗೆ ಹೇಳಿದ್ದಾರೆ.

ಸುಮತಿ, ಕೊಥ್ರೂಡ್:

ಎಂಟುನೂರು ಜನರ ಸಭಾಂಗಣಕ್ಕೆ ಯಾವ ಎಂಟುನೂರು ಜನ ಬರುತ್ತಾರೆ ಎಂಬುದನ್ನೂ ನೋಡಬೇಕು, ಸರ್. ಕಲಾವಿದರ ಪರಿಚಯದವರು, ಹಣವುಳ್ಳವರು, ಮೊದಲೇ ತಿಳಿದವರು. ಸವಾಯಿಯಲ್ಲಿ ನೆಲದ ಮೇಲಿನ ಬೈಠಕ್ಕಿನಲ್ಲಿ ಕಡಿಮೆ ದರದ ಸೀಸನ್ ಟಿಕೆಟ್ ಹಿಡಿದು ಕುಳಿತ ರಿಕ್ಷಾ ಓಡಿಸುವವರನ್ನು, ಹಾಸ್ಟೆಲ್ಲಿನ ಹುಡುಗಿಯರನ್ನು, ಸೊಲ್ಲಾಪುರ, ಸಾಂಗಲಿಯಿಂದ ಬಸ್ಸಿನಲ್ಲಿ ಬಂದವರನ್ನು ನಾನು ನೋಡಿದ್ದೇನೆ. ಸವಾಯಿ ಗಂಧರ್ವರು ನಾಟಕದ ಕಂಪನಿಯಲ್ಲಿ ಸ್ತ್ರೀಪಾತ್ರ ಹಾಡಿ ಜನರ ಬಾಯಲ್ಲಿ ಹೆಸರಾದವರು. ಅವರ ಹೆಸರಿನ ಉತ್ಸವ ಜನರ ನಡುವೆಯೇ ಇರಬೇಕು.

ಇನ್ನು 2007ರ ಬಗ್ಗೆ ಯಾರೂ ಹೇಳಲಿಲ್ಲವೆಂದು ನಾನೇ ಹೇಳುತ್ತೇನೆ. ಅನಾರೋಗ್ಯದಿಂದ ಹಾಡುವುದನ್ನು ಬಹುತೇಕ ನಿಲ್ಲಿಸಿದ್ದ ಭೀಮಸೇನ ಜೋಶಿಯವರು ಆ ವರ್ಷ, 55ನೆಯ ಉತ್ಸವದಲ್ಲಿ, ವೇದಿಕೆಗೆ ಬಂದು ಹಾಡಿದರು. ಆಗ ಅವರಿಗೆ 85 ವರ್ಷ. ನಾನು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಿದ್ದೆ. ಉಸಿರು ಮೊದಲಿನಷ್ಟು ಇರಲಿಲ್ಲ. ಹಳೆಯ ಗುಡುಗಿನ ತಾನುಗಳನ್ನು ನೆನೆದು ಬಂದವರಿಗೆ ಅದು ಸಿಗಲಿಲ್ಲ. ಆದರೆ ಸ್ವರ ಹಚ್ಚುವ ಜಾಗ ಒಂದು ಎಳೆಯಷ್ಟೂ ಜರುಗಿರಲಿಲ್ಲ. ಇದನ್ನು ನನ್ನ ಆಯ್ಕೆಯಾಗಿ ಹೇಳಲು ನಾನು ಹಿಂಜರಿದೆ, ಏಕೆಂದರೆ ಸ್ವರಮಂಡಲದವರು ಇದನ್ನು ಭಾವುಕತೆ ಎನ್ನುತ್ತಾರೆಂದು ಗೊತ್ತಿತ್ತು.

ಸ್ವರಮಂಡಲ (ಬೆಂಗಳೂರು):

ಹೇಳುವುದಿಲ್ಲ, ಸುಮತಿಯವರೇ. ನಾನೂ ಅಂದು ಅಲ್ಲಿದ್ದೆ. ಅದನ್ನು ಉತ್ತಮ ಗಾಯನ ಎಂದು ಕರೆಯಲಾರೆ, ಆದರೆ ಮರೆಯಲೂ ಆಗಿಲ್ಲ. ಇವೆರಡು ಬೇರೆ ಬೇರೆ ಮಾತು ಎಂಬ ನನ್ನ ನಿಲುವನ್ನು ಮಾತ್ರ ಬಿಡುವುದಿಲ್ಲ. ‘ಉಳಿಸಿಕೊಳ್ಳುವ’ ಒಂದು ಎಂದಾಗ ನಾನು ಸಂಗೀತವಾಗಿ ಪೂರ್ಣವಾದದ್ದನ್ನೇ ಆರಿಸುತ್ತೇನೆ. ಸಣ್ಣ ಮಕ್ಕಳಿಗೆ ಖಯಾಲ್ ಎಂದರೇನು ಎಂದು ಕೇಳಿಸಬೇಕಾದರೆ 2007ರದ್ದನ್ನು ಕೇಳಿಸುವುದಿಲ್ಲ, ಮೊದಲಿನ ಭೀಮಸೇನರನ್ನು ಕೇಳಿಸುತ್ತೇನೆ.

ಬೆಳಗಾವಿ ತಬಲಾ:

ಸರ್, ನನ್ನ ಗುರುಗಳು ನನಗೆ ಮೊದಲು ಕೇಳಿಸಿದ್ದು ಆ ಕೊನೆಯ ಕಾಲದ ಭೀಮಸೇನರನ್ನೇ. ವೇಗ ಹೋದ ಮೇಲೆ ಏನು ಉಳಿಯುತ್ತದೆಂದು ನೋಡು, ಅದನ್ನು ಮೊದಲು ಕಲಿ ಎಂದಿದ್ದರು.

ಸಪ್ತಾಪುರ, ಧಾರವಾಡ:

ರಾತ್ರಿ ಬೇಕೆನ್ನುವವರಿಗೆ ಒಂದು ದಾರಿ ಹೇಳುತ್ತೇನೆ. ಪುಣೆಯವರೆಗೆ ಹೋಗಬೇಕಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ಅಹೋರಾತ್ರಿ ಸಂಗೀತ ಇಂದಿಗೂ ನಡೆಯುತ್ತದೆ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದ ಊರು, ಭೀಮಸೇನರು ಗುರುಗಳ ಮನೆಯಲ್ಲಿ ನೀರು ಹೊತ್ತು ಕಲಿತ ಊರು ಅದು. ವಾಡೆಯ ಮರದ ಕಂಬಗಳ ನಡುವೆ ಜಮಖಾನೆಯ ಮೇಲೆ ಕುಳಿತರೆ ಹಾಡುವವರ ಉಸಿರು ಕೇಳಿಸುತ್ತದೆ. ಕಟ್ಟೆಯ ಮೇಲೆ ಹೊಲದಿಂದ ಬಂದವರು ಕುಳಿತಿರುತ್ತಾರೆ, ಹೆಣ್ಣುಮಕ್ಕಳು ಒಳಗಿನ ಪಡಸಾಲೆಯಲ್ಲಿ ಕುಳಿತಿರುತ್ತಾರೆ, ಯಾರೂ ಟಿಕೆಟ್ಟು ಕೇಳುವುದಿಲ್ಲ. ಸ್ವರಮಂಡಲದವರ ಸಣ್ಣ ಬೈಠಕ್ಕೂ ಸುಮತಿಯವರ ಜನರೂ ಹುಬ್ಬಳ್ಳಿಯವರ ರಾತ್ರಿಯೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಎಂಟು ಸಾವಿರ ಜನ ಒಟ್ಟಿಗೆ ಉಸಿರು ಹಿಡಿಯುವ ಅನುಭವ ಸಿಗುವುದಿಲ್ಲ, ಅದು ಪುಣೆಯದ್ದೇ.

ಹುಬ್ಬಳ್ಳಿಯ ಕೇಳುಗ:

ಕುಂದಗೋಳಕ್ಕೆ ನಾನು ಹೋಗುತ್ತಿರುತ್ತೇನೆ, ಸಪ್ತಾಪುರದವರೇ; ಮುಂದಿನ ಸಲ ಅಲ್ಲಿ ಭೇಟಿಯಾಗೋಣ. ಆದರೆ ಡಿಸೆಂಬರಿನ ಪುಣೆಯನ್ನು ಬಿಡಲು ನನಗೆ ಆಗುವುದಿಲ್ಲ. ಅದಕ್ಕೆ ಕಾರಣ ಯಾವ ಕಲಾವಿದರೂ ಅಲ್ಲ. ಉತ್ಸವದ ಕೊನೆಗೆ, ಎಲ್ಲ ಗಾಯನ ಮುಗಿದ ಮೇಲೆ, ವೇದಿಕೆ ಖಾಲಿಯಾಗುತ್ತದೆ. ಆಗ ಸವಾಯಿ ಗಂಧರ್ವರ ಹಳೆಯ ಗ್ರಾಮಫೋನ್ ತಟ್ಟೆಯ ಭೈರವಿ ರಾಗದ ಹಾಡನ್ನು, ‘ಬಿನ್ ದೇಖೇ ಪರೇ ನಹೀ ಚೈನ್’ ಅನ್ನು, ಮೈಕಿನಲ್ಲಿ ಹಾಕುತ್ತಾರೆ. ಹಾಡಿಗಿಂತ ಮೊದಲು ಸೂಜಿಯ ಕರಕರ ಸದ್ದು ಬರುತ್ತದೆ. ಶಾಲು, ಚೀಲ, ಮಡಚಿದ ಚಾಪೆಗಳನ್ನು ಕೈಯಲ್ಲಿ ಹಿಡಿದವರು ಇದ್ದಲ್ಲೇ ನಿಂತುಬಿಡುತ್ತಾರೆ. ಧ್ವನಿಮುದ್ರಿಕೆ ಲೆಕ್ಕಕ್ಕಿಲ್ಲ ಎಂದು ನಿಯಮ ಹಾಕಿದವನು ನಾನೇ. ಅದನ್ನು ನಾನೇ ಮುರಿಯುತ್ತಿದ್ದೇನೆ. ದಸ್ತೂರರ ಜೊತೆಗೆ ಆ ಮೂರು ನಿಮಿಷವನ್ನೂ ಉಳಿಸಿಕೊಳ್ಳುತ್ತೇನೆ.

ಈ ಸಲ ಹೆಂಡತಿಯೂ ಬರುತ್ತಿದ್ದಾಳೆ. ಮಧ್ಯಾಹ್ನದ ಮೊದಲ ಗಾಯನಕ್ಕೇ ಹೋಗಿ ಕುಳಿತುಕೊಳ್ಳಬೇಕೆಂದು ಹೇಳಿದ್ದಾಳೆ. ಸುಮತಿಯವರೇ, ಮುಲ್ತಾನಿಯ ಹೊತ್ತಿಗೆ ನೆಲದ ಬೈಠಕ್ಕಿನ ಎಡಬದಿಯಲ್ಲಿ ನಮಗೂ ಎರಡು ಜಾಗ ಹಿಡಿದಿಡಿ.